ತೆನೆಯ ಮೇಲೆ ತೀರ್ಥ, ತಲೆಯ ಮೇಲೆ ಕೈ

ಆಗಸ್ಟ್ 30 ಬಂತೆಂದರೆ ಕರಾವಳಿಯ ಕಥೋಲಿಕ ಮನೆಗಳ ಅಂಗಳದಲ್ಲಿ ಹೂವು ಉಳಿಯುವುದಿಲ್ಲ. ದಾಸವಾಳ, ಜೀನಿಯಾ, ಚೆಂಡುಹೂವಿನಿಂದ ಹಿಡಿದು ಬೇಲಿಸಾಲಿನ ಹೆಸರಿಲ್ಲದ ಹೂವಿನ ತನಕ ಎಲ್ಲವೂ ಮಕ್ಕಳ ಬುಟ್ಟಿ ಸೇರಿ ಇಗರ್ಜಿಯ, ಅಂದರೆ ಚರ್ಚಿನ, ದಾರಿ ಹಿಡಿಯುತ್ತವೆ. ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹೂವು. ಒಂಬತ್ತು ದಿನದ ನವೇನ. ಬಾಲೆ ಮರಿಯಳ ಪುಟ್ಟ ಪ್ರತಿಮೆಯ ಮುಂದೆ ಎಸಳು ಎಸಳಾಗಿ ಬಿಡಿಸಿ ಹಾಕುತ್ತಾ ನಿಂತೇಬಿಡುವ ಮಕ್ಕಳಿರುತ್ತಾರೆ, ಬುಟ್ಟಿಯನ್ನು ಒಮ್ಮೆಲೇ ಬೋರಲು ಹಾಕಿ ಓಡುವವರೂ ಇರುತ್ತಾರೆ. ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯಳ ಜನನದ ಹಬ್ಬ. ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಅದೇ ದಿನ ತೇರು ಹೊರಡುತ್ತದೆ. ಮಂಗಳೂರು, ಉಡುಪಿ ಕಡೆಯವರಿಗೆ ಅದು ಮೊಂತಿ ಫೆಸ್ತ್, ಅಂದರೆ ತೆನೆ ಹಬ್ಬ.

ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಗೂ ಈ ಹಬ್ಬಕ್ಕೂ ಹಳೆಯ ನಂಟು. ನೇತ್ರಾವತಿಯ ದಡದ ಆ ಊರಿನಲ್ಲಿ 18ನೇ ಶತಮಾನದಲ್ಲಿ ಗೋವಾ ಮೂಲದ ಪಾದ್ರಿ ಜೋಕಿಮ್ ಮಿರಾಂದ ಅವರು ಹಬ್ಬವನ್ನು ಶುರುಮಾಡಿದರು ಎಂಬುದು ಪರಂಪರೆಯ ಮಾತು. ಹೊಸ ತೆನೆಯನ್ನು ಮನೆಗೆ ತರುವ ಪದ್ಧತಿ ಅವರಿಗಿಂತ ಹಳೆಯದು. ತುಳುನಾಡಿನ ಹಿಂದೂ ಮನೆಗಳಲ್ಲಿ ಕದಿರು ಕಟ್ಟುವುದು, ಮನೆ ತುಂಬಿಸುವುದು, ಹೊಸ ಅಕ್ಕಿ ಊಟ ಮಾಡುವುದು ಇಂದಿಗೂ ಇದೆ. ಕೊಂಕಣಿ ಕ್ರೈಸ್ತರು ಬೆಳೆದದ್ದೂ ಅದೇ ಗದ್ದೆಯ ಬದುಗಳ ಮೇಲೆ. ಮೊದಲ ಫಸಲನ್ನು ಬುಟ್ಟಿಯಲ್ಲಿ ತಂದು ದೇವರ ಮುಂದಿಡಬೇಕೆಂಬ ವಿಧಿ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿಯೂ ಇರುವುದರಿಂದ ಎರಡು ಹೊಳೆಗಳು ಸಲೀಸಾಗಿ ಕೂಡಿಕೊಂಡವು.

ಹಬ್ಬದ ಬೆಳಿಗ್ಗೆ ಜನ ಮೊದಲು ಸೇರುವುದು ಇಗರ್ಜಿಯ ಒಳಗಲ್ಲ, ಹೊರಗೆ, ಶಿಲುಬೆ ಕಟ್ಟೆಯ ಬಳಿಯೋ ಮಾತೆಯ ಗವಿಯ ಬಳಿಯೋ. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ತೆನೆಯ ಕಂತೆ ಇರುತ್ತದೆ. ತುದಿ ಹೊಂಬಣ್ಣಕ್ಕೆ ತಿರುಗಿದೆ, ಬುಡದಲ್ಲಿ ಇನ್ನೂ ಹಸಿರು. ಒಂದೆರಡು ದಂಟಿಗೆ ಗದ್ದೆಯ ಕೆಸರು ಹಾಗೇ ಅಂಟಿಕೊಂಡಿರುತ್ತದೆ. ಗುರುಗಳು ಶ್ರೀಗ್ರಂಥದ ಒಂದು ಭಾಗ ಓದಿ, ಮಣ್ಣು, ಮಳೆ, ದುಡಿದ ಕೈಗಳಿಗಾಗಿ ದೇವರಿಗೆ ವಂದನೆ ಹೇಳುತ್ತಾರೆ. ಈ ಅನ್ನ ಉಣ್ಣುವವರು ಇಲ್ಲದವರನ್ನು ಮರೆಯದಿರಲಿ ಎಂದು ಬೇಡುತ್ತಾರೆ. ಶಿಲುಬೆಯ ಗುರುತು ಮಾಡಿ ಪವಿತ್ರ ತೀರ್ಥ ಪ್ರೋಕ್ಷಿಸುತ್ತಾರೆ. ಹನಿ ತೆನೆಯ ಮೇಲಷ್ಟೇ ಬೀಳುವುದಿಲ್ಲ. ಹತ್ತಿರ ನಿಂತ ವಾರ್ಡಿನ ಮುಖಂಡ ಗುರ್ಕಾರರ ಕನ್ನಡಕಕ್ಕೂ, ಅಮ್ಮನ ಹೆಗಲ ಮೇಲೆ ನಿದ್ದೆಗೆ ಜಾರಿದ್ದ ಮಗುವಿನ ಕೆನ್ನೆಗೂ ಬೀಳುತ್ತದೆ. ಆಮೇಲೆ ಮೆರವಣಿಗೆ, ಬಲಿಪೂಜೆ. ಪೂಜೆ ಮುಗಿದ ಮೇಲೆ ಮನೆಗಿಷ್ಟು ಎಂದು ತೆನೆ, ಒಂಬತ್ತು ದಿನ ಹೂವು ತಂದ ಮಕ್ಕಳಿಗೆ ಕಬ್ಬು.

ಮನೆಗೆ ಬಂದ ತೆನೆ ನೇರ ದೇವರ ಪೀಠದ ಮುಂದೆ. ಮೋಂಬತ್ತಿ ಹಚ್ಚಿ ಪ್ರಾರ್ಥನೆ ಮುಗಿಸಿ, ಹಿರಿಯರು ಉಗುರಿನಲ್ಲಿ ಭತ್ತದ ಸಿಪ್ಪೆ ಬಿಡಿಸುತ್ತಾರೆ. ಹೊಸ ಅಕ್ಕಿ ಕೈಯಲ್ಲಿ ಇನ್ನೂ ಮೆತ್ತಗಿರುತ್ತದೆ. ಅದನ್ನು ಅರೆದು ತೆಂಗಿನಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಒಂದೊಂದು ಚಮಚ. ಆಮೇಲೆ ಬಾಳೆಲೆ ಊಟ. ಮೀನಿಲ್ಲದೆ ಅನ್ನ ಇಳಿಯದ ಮನೆಯಲ್ಲೂ ಅಂದು ಮೀನಿಲ್ಲ, ಮಾಂಸವಿಲ್ಲ; ಹರಿವೆ ದಂಟು, ಅಲಸಂಡೆ, ಹೀರೆ, ಬೆಂಡೆ, ಕೆಸು ಎಂದು ಪಲ್ಯಗಳ ಲೆಕ್ಕ ಬೆಸ ಸಂಖ್ಯೆಯಲ್ಲೇ ಇರಬೇಕು. ಊರಿಗೆ ಬರಲಾಗದ ಮಗನಿಗೆ, ಮಗಳಿಗೆ ನಾಲ್ಕು ಕಾಳನ್ನು ಕಾಗದದಲ್ಲಿ ಮಡಚಿ ಅಂಚೆಯಲ್ಲಿ ಕಳಿಸಿದ ತಾಯಂದಿರಿದ್ದಾರೆ. ಕುವೈತಿನಲ್ಲಿ, ದುಬೈಯಲ್ಲಿ ಆ ಕಾಳು ಬಿಸಿ ಹಾಲಿಗೆ ಬಿದ್ದು ಹಬ್ಬವಾಗಿದೆ.

ಇಷ್ಟೆಲ್ಲ ನಡೆಯುವಾಗ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಈ ತೆನೆ ಯಾರ ಗದ್ದೆಯದು? ಆತ ಭಾನುವಾರದ ಪೂಜೆಗೆ ತಪ್ಪದೆ ಬರುವವನೇ? ಅಣ್ಣನ ಜೊತೆ ಗಡಿ ತಕರಾರು ಇದೆಯೇ? ಈಗಂತೂ ಗದ್ದೆಗಳು ಮನೆ ನಿವೇಶನಗಳಾಗಿರುವ ಕಾಲ. ಹಲವು ಇಗರ್ಜಿಗಳಿಗೆ ತೆನೆ ಬರುವುದು ನೆರೆಯ ಹಿಂದೂ ರೈತರ ಹೊಲದಿಂದ, ಇಲ್ಲವೇ ಯುವಕರ ಸಂಘ ಹಡೀಲು ಬಿದ್ದ ಗದ್ದೆಯಲ್ಲಿ ಮಾಡಿದ ನಾಟಿಯಿಂದ. ಗುರುಗಳು ತೀರ್ಥ ಚಿಮುಕಿಸಿದರೆಂದು ಯಾರ ನಡತೆಗೂ ಪ್ರಮಾಣಪತ್ರ ಸಿಕ್ಕಿತೆಂದು ಅಲ್ಲಿ ನಿಂತ ಯಾರೂ ತಿಳಿಯುವುದಿಲ್ಲ. ಕೊಟ್ಟವನಿಗೆ ವಂದನೆ ಹೇಳಿದ್ದೇವೆ, ಮುಂದಕ್ಕೂ ನಡೆಸು ಎಂದು ಬೇಡಿದ್ದೇವೆ, ಅಷ್ಟೇ. ಈ ತಿಳಿವಳಿಕೆ ಗದ್ದೆಯ ಬದುವಿನಲ್ಲಿ ಗಟ್ಟಿಯಾಗಿದೆ. ಅಲ್ಲಿಂದ ಈಚೆ ಬಂದಂತೆ ಸಡಿಲಾಗಿದೆ ಎಂಬುದು ನನ್ನ ಬಹುಕಾಲದ ಸಂಕಟ.

ಬೀಗದ ಕೈ ಮತ್ತು ತೀರ್ಥ

ಭಾನುವಾರದ ಎರಡನೇ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಒಂದಾದರೂ ಹೊಸ ಕಾರು ನಿಂತಿರುತ್ತದೆ. ಬಾನೆಟ್ಟಿಗೆ ರಿಬ್ಬನ್, ಕನ್ನಡಿಗೆ ಜಪಮಾಲೆ. ಗುರುಗಳು ಬರುತ್ತಾರೆ, ಪುಸ್ತಕ ತೆರೆಯುತ್ತಾರೆ, ಪ್ರಾರ್ಥನೆ ಅರ್ಧಕ್ಕೆ ಬರುವಷ್ಟರಲ್ಲಿ ಮೊಬೈಲುಗಳು ಮೇಲೇಳುತ್ತವೆ. ಇಂಜಿನ್ನಿನ ಮೇಲೂ ಸ್ವಲ್ಪ ಹಾಕಿ ಫಾದರ್ ಎಂದು ಬಾನೆಟ್ ಎತ್ತುವವರಿದ್ದಾರೆ. ಕಾರು ತಂದದ್ದು ತಪ್ಪಲ್ಲ. ದುಡಿದು ಕೊಂಡ ವಸ್ತುವನ್ನು ಮೊದಲು ದೇವರ ಮನೆಗೆ ತರುವ ಮನಸ್ಸನ್ನು ನಾನು ಗೌರವಿಸುತ್ತೇನೆ. ಆದರೆ ಪುಸ್ತಕದಲ್ಲಿರುವ ಪ್ರಾರ್ಥನೆಗೆ ಯಾರಾದರೂ ಕಿವಿಗೊಟ್ಟಿದ್ದಾರೆಯೇ? ಅದು ಲೋಹದ ಬಗ್ಗೆ ಹೆಚ್ಚು ಮಾತಾಡುವುದೇ ಇಲ್ಲ. ಈ ವಾಹನದಲ್ಲಿ ಹೋಗುವವರು ಸುಖವಾಗಿ ತಲುಪಲಿ, ಓಡಿಸುವವರು ದಾರಿಯಲ್ಲಿ ಎದುರಾಗುವ ಇತರರ ಜೀವದ ಮೇಲೂ ಎಚ್ಚರ ಇಡಲಿ ಎಂಬುದು ಅದರ ಸಾರ. ಅಂದರೆ ಆಶೀರ್ವಾದ ಪಡೆದವನ ಹೆಗಲ ಮೇಲೆ ಒಂದು ಹೊಣೆ ಬಂದು ಕೂತಿತು. ಹೆಲ್ಮೆಟ್ ಇಲ್ಲದೆ ಹೊಸ ಬೈಕನ್ನು ಆಶೀರ್ವಾದಕ್ಕೆ ತರುವ ಹುಡುಗನಿಗೆ ಇದನ್ನು ಬಾಯಿಬಿಟ್ಟು ಹೇಳುವವರು ಬೇಕು.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ದೀಕ್ಷಾಸ್ನಾನ, ಪರಮಪ್ರಸಾದ, ವಿವಾಹ ಮೊದಲಾದ ಏಳು ಸಂಸ್ಕಾರಗಳನ್ನು ಸ್ಥಾಪಿಸಿದವನು ಕ್ರಿಸ್ತ; ಅವುಗಳಲ್ಲಿ ಕೆಲಸ ಮಾಡುವವನೂ ಅವನೇ. ಮನೆಯ ಆಶೀರ್ವಾದ, ತೆನೆಯ ಆಶೀರ್ವಾದ, ವಿಭೂತಿ ಬುಧವಾರದ ಬೂದಿ, ಗರಿಗಳ ಭಾನುವಾರದ ಗರಿ, ಫೆಬ್ರವರಿ 3ರಂದು ಸಂತ ಬ್ಲೇಸರ ಹೆಸರಿನಲ್ಲಿ ಎರಡು ಮೋಂಬತ್ತಿಗಳನ್ನು ಕೊರಳಿಗೆ ಹಿಡಿದು ಮಾಡುವ ಪ್ರಾರ್ಥನೆ, ಇವೆಲ್ಲ ಧರ್ಮಸಭೆಯೇ ಕಾಲಕಾಲಕ್ಕೆ ಏರ್ಪಡಿಸಿಕೊಂಡವು. ಇವುಗಳ ಬಲ ಧರ್ಮಸಭೆಯ ಪ್ರಾರ್ಥನೆಯ ಬಲ. ಬೇಡುವವರ ನಂಬಿಕೆ, ಮನಸ್ಸಿನ ಸಿದ್ಧತೆ ಇಲ್ಲಿ ದೊಡ್ಡದು. ಪ್ರತಿ ಆಶೀರ್ವಾದದಲ್ಲೂ ದೇವರ ಸ್ತುತಿ ಇದೆ, ಅವನ ವರಕ್ಕಾಗಿ ಬೇಡಿಕೆ ಇದೆ ಎಂದು ಕಥೋಲಿಕ ಧರ್ಮೋಪದೇಶ ಗ್ರಂಥ ಹೇಳುತ್ತದೆ. ಮಂತ್ರಿಸಿದ ತಾಯತಕ್ಕೂ ಇದಕ್ಕೂ ಇರುವ ದೂರ ಇದೇ. ತಾಯತ ಕಟ್ಟಿಕೊಂಡವನು ಏನೂ ಮಾಡಬೇಕಾಗಿಲ್ಲ.

ಹಿಂದೆ ಇದಕ್ಕೆಲ್ಲ ಇದ್ದ ಪುಸ್ತಕ 1614ರಲ್ಲಿ ಪೋಪ್ ಐದನೇ ಪೌಲರು ಹೊರತಂದ ರೋಮನ್ ವಿಧಿಗ್ರಂಥ. ಕಾಲ ಸರಿದಂತೆ ಅದಕ್ಕೆ ಸೇರುತ್ತಾ ಹೋದ ಆಶೀರ್ವಾದಗಳನ್ನು ಓದಿದರೆ ಯುರೋಪಿನ ಹಳ್ಳಿ ಪಟ್ಟಣಗಳ ದಿನನಿತ್ಯದ ಬದುಕೇ ಕಣ್ಣಮುಂದೆ ಬರುತ್ತದೆ: ರೊಟ್ಟಿ, ಬೆಣ್ಣೆ, ಗಿಣ್ಣು, ಬಿಯರ್, ಜೇನುನೊಣ, ರೇಷ್ಮೆಹುಳು, ಸುಣ್ಣದ ಗೂಡು, ಮುದ್ರಣಯಂತ್ರ, ಆಮೇಲೆ ರೈಲು, ತಂತಿ, ವಿಮಾನ, ಕೊನೆಗೆ ಭೂಕಂಪ ಅಳೆಯುವ ಯಂತ್ರ ಕೂಡ. ಜನ ಯಾವುದನ್ನು ನಂಬಿ ಬದುಕಿದರೋ, ಯಾವುದಕ್ಕೆ ಹೆದರಿದರೋ ಅದನ್ನೆಲ್ಲ ಗುಡಿಯ ಬಾಗಿಲಿಗೆ ತಂದರು. ಪ್ರಾರ್ಥನೆಗೆ ಯೋಗ್ಯವಲ್ಲದಷ್ಟು ಸಣ್ಣ ಸಂಗತಿ ಬದುಕಿನಲ್ಲಿ ಇಲ್ಲ ಎಂದು ಧರ್ಮಸಭೆ ಒಪ್ಪಿಕೊಂಡ ದಾಖಲೆ ಅದು. ರೇಷ್ಮೆಹುಳುವಿಗೆ ಪ್ರಾರ್ಥನೆ ಬರೆದ ಯಾರೋ ಒಬ್ಬ ಪಾದ್ರಿ ಸಾಕಾಣಿಕೆ ಮನೆಯ ನಷ್ಟವನ್ನು ಹತ್ತಿರದಿಂದ ನೋಡಿದವನೇ ಇರಬೇಕು.

ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪೂಜಾವಿಧಿಯ ಸುಧಾರಣೆಗೆ ದಾರಿ ತೆರೆದ ಮೇಲೆ ಈ ಭಾಗವೂ ಬದಲಾಯಿತು. 1984ರಲ್ಲಿ ಹೊಸ ಆಶೀರ್ವಾದ ಗ್ರಂಥ ಬಂತು. ಅದರಲ್ಲಿ ಎರಡು ಸಂಗತಿಗಳು ಎದ್ದು ಕಾಣುತ್ತವೆ. ದೇವರ ವಾಕ್ಯ ಓದದೆ ಬರೀ ತೀರ್ಥ ಚಿಮುಕಿಸಿ ಮುಗಿಸುವಂತಿಲ್ಲ; ಮೊದಲು ಓದು, ಆಮೇಲೆ ಪ್ರಾರ್ಥನೆ. ವಸ್ತುವಿಗಿಂತ ಅದನ್ನು ಬಳಸುವ ಮನುಷ್ಯರ ಕಡೆಗೆ ಪ್ರಾರ್ಥನೆಯ ಮುಖ ತಿರುಗಿದೆ. ಇದು ಅತಿಯಾಯಿತು, ವಸ್ತುವನ್ನು ಆಶೀರ್ವದಿಸಿದಂತೆಯೇ ಅನಿಸುವುದಿಲ್ಲ ಎಂದು ಕೆಲವರು ದೂರಿದ್ದೂ ಉಂಟು. ಪುಸ್ತಕದಲ್ಲಿ ಬರೆದಿಲ್ಲದಿದ್ದರೂ ಆಶೀರ್ವಾದದಲ್ಲಿ ಶಿಲುಬೆಯ ಗುರುತನ್ನು ಮಾಡಲೇಬೇಕೆಂದು ರೋಮ್ 2002ರಲ್ಲಿ ಸೂಚಿಸಿತು. ನನಗಂತೂ ಆ ದಿಕ್ಕು ಬದಲಾವಣೆ ಸರಿಯೆನಿಸುತ್ತದೆ. ಮನೆ ಒಕ್ಕಲಿನ ದಿನ ಕೋಣೆ ಕೋಣೆಗೂ ತೀರ್ಥ ಬೀಳುತ್ತದೆ. ಆ ಮನೆಯಲ್ಲಿ ಅತ್ತೆ ಸೊಸೆ ಒಂದೇ ಜಪಮಾಲೆಗೆ ಕೂರುತ್ತಾರೋ ಇಲ್ಲವೋ ಎಂಬುದು ಗೋಡೆಗೆ ಬಿದ್ದ ಹನಿಯಿಂದ ತೀರ್ಮಾನವಾಗುವ ಸಂಗತಿ ಅಲ್ಲವಲ್ಲ.

ಹದಿನೈದು ಸೆಕೆಂಡಿನ ಪ್ರಾರ್ಥನೆ

2023ರ ಡಿಸೆಂಬರ್ 18ರಂದು ವ್ಯಾಟಿಕನ್ನಿನಿಂದ ಒಂದು ಘೋಷಣೆ ಹೊರಬಿತ್ತು. ಹೆಸರು ‘ಫಿದೂಚಿಯಾ ಸುಪ್ಲಿಕಾನ್ಸ್’. ವಿಶ್ವಾಸಬೋಧನೆಯ ಇಲಾಖೆಯ ಮುಖ್ಯಸ್ಥ ಕಾರ್ಡಿನಲ್ ವಿಕ್ಟರ್ ಮನುಯೆಲ್ ಫೆರ್ನಾಂಡಿಸ್ ಸಹಿ ಹಾಕಿದ್ದರು, ಪೋಪ್ ಫ್ರಾನ್ಸಿಸ್ ಒಪ್ಪಿಗೆ ಕೊಟ್ಟಿದ್ದರು. ಧರ್ಮಸಭೆಯ ದೃಷ್ಟಿಯಲ್ಲಿ ಕ್ರಮಬದ್ಧವಲ್ಲದ ಸಂಬಂಧದಲ್ಲಿರುವ ಜೋಡಿಗಳು, ಸಲಿಂಗ ಜೋಡಿಗಳು ಬಂದು ಆಶೀರ್ವಾದ ಕೇಳಿದರೆ ಗುರುಗಳು ಅವರಿಗಾಗಿ ಪ್ರಾರ್ಥಿಸಿ ಆಶೀರ್ವದಿಸಬಹುದು ಎಂದು ಅದು ಹೇಳಿತು. ಸುದ್ದಿ ಎರಡೇ ದಿನದಲ್ಲಿ ಎಲ್ಲ ಕಡೆ ಹರಡಿತು. ನಮ್ಮ ವಾಟ್ಸಾಪ್ ಗುಂಪುಗಳಿಗೆ ಬರುವ ಹೊತ್ತಿಗೆ ಅದು ‘ಇಗರ್ಜಿಯಲ್ಲಿ ಸಲಿಂಗ ಮದುವೆಗೆ ಪೋಪ್ ಅಸ್ತು’ ಎಂದಾಗಿತ್ತು. ಕ್ರಿಸ್ಮಸ್ ಗೋದಲಿ ಕಟ್ಟುತ್ತಿದ್ದ ಹುಡುಗರಿಂದ ಹಿಡಿದು ಕ್ರಿಸ್ಮಸ್ ತಿಂಡಿ ಕುಸ್ವಾರ್ ಕರಿಯುತ್ತಿದ್ದ ಅಮ್ಮಂದಿರ ತನಕ ಎಲ್ಲರ ಬಾಯಲ್ಲೂ ಅದೇ.

ಘೋಷಣೆಯನ್ನು ಕೂತು ಓದಿದವರಿಗೆ ಬೇರೆಯೇ ಚಿತ್ರ ಸಿಗುತ್ತದೆ. ವಿವಾಹವೆಂದರೆ ಗಂಡು ಹೆಣ್ಣಿನ ನಡುವಿನ, ಮುರಿಯಲಾಗದ, ಮಕ್ಕಳಿಗೆ ತೆರೆದುಕೊಂಡ ಬಂಧ ಎಂಬ ಬೋಧನೆಯನ್ನು ಅದು ಒಂದಿಷ್ಟೂ ಸಡಿಲಿಸುವುದಿಲ್ಲ. ಸಲಿಂಗ ಸಂಬಂಧಗಳನ್ನು ಆಶೀರ್ವದಿಸುವ ಅಧಿಕಾರ ಧರ್ಮಸಭೆಗಿಲ್ಲ ಎಂದು 2021ರಲ್ಲಿ ಇದೇ ಇಲಾಖೆ ಕೊಟ್ಟಿದ್ದ ಉತ್ತರವನ್ನೂ ಅದು ಹಿಂದಕ್ಕೆ ಪಡೆಯುವುದಿಲ್ಲ. ಅದು ಮಾಡುವ ಕೆಲಸ ಇಷ್ಟು: ಆಶೀರ್ವಾದಗಳಲ್ಲಿ ಎರಡು ಬಗೆಯನ್ನು ಬೇರೆ ಮಾಡಿ ತೋರಿಸುತ್ತದೆ. ಒಂದು ವಿಧಿಗ್ರಂಥದ ಪ್ರಕಾರ, ಧರ್ಮಸಭೆಯ ಹೆಸರಿನಲ್ಲಿ ಕ್ರಮವಾಗಿ ನಡೆಯುವ ಆಶೀರ್ವಾದ. ಅಲ್ಲಿ ಆಶೀರ್ವದಿಸಲ್ಪಡುವುದು ದೇವರ ಚಿತ್ತಕ್ಕೆ ಹೊಂದಿಕೊಂಡಿರಬೇಕು. ಇನ್ನೊಂದು, ಯಾತ್ರೆಗೆ ಬಂದಾಗ, ದಾರಿಯಲ್ಲಿ ಗುರುಗಳು ಸಿಕ್ಕಾಗ, ಕಷ್ಟ ಹೇಳಿಕೊಂಡಾಗ ಜನ ತಾವಾಗಿ ಬೇಡುವ ಆಶೀರ್ವಾದ. ಇದಕ್ಕೆ ಗೊತ್ತಾದ ವಿಧಿಯಿಲ್ಲ, ಇರಲೂಬಾರದು ಎನ್ನುತ್ತದೆ ಘೋಷಣೆ. ನೋಂದಣಿ ವಿವಾಹದ ಸಮಾರಂಭಕ್ಕೆ ಅಂಟಿಕೊಂಡಂತೆ ಮಾಡಬಾರದು. ಮದುವೆಯ ಉಡುಪು, ಮದುವೆಯ ಮಾತು, ಮದುವೆಯ ಹಾವಭಾವ ಯಾವುದೂ ಸಲ್ಲದು. ಗೊಂದಲ ಹೆಚ್ಚಾದಾಗ 2024ರ ಜನವರಿ 4ರಂದು ಇಲಾಖೆ ಇನ್ನೊಂದು ಟಿಪ್ಪಣಿ ಕೊಟ್ಟು, ಹತ್ತು ಹದಿನೈದು ಸೆಕೆಂಡಿನಲ್ಲಿ ಮುಗಿಯುವ ಪ್ರಾರ್ಥನೆ ಇದು ಎಂದು ವಿವರಿಸಿತು. ಆರೋಗ್ಯ, ಸಮಾಧಾನ, ಶುಭಸಂದೇಶದಂತೆ ಬದುಕುವ ಬಲ, ಇವನ್ನು ದೇವರಲ್ಲಿ ಬೇಡುವುದು. ಅವರ ಜೀವನಕ್ರಮಕ್ಕೆ ಸಮ್ಮತಿಯೂ ಇದರಲ್ಲಿಲ್ಲ, ಪಾಪಕ್ಷಮೆಯೂ ಇಲ್ಲ.

ವಿರೋಧ ಜೋರಾಗಿಯೇ ಬಂತು. ಆಫ್ರಿಕಾದ ಧರ್ಮಾಧ್ಯಕ್ಷರ ಒಕ್ಕೂಟದ ಪರವಾಗಿ ಕಿನ್ಶಾಸದ ಕಾರ್ಡಿನಲ್ ಫ್ರಿಡೋಲಿನ್ ಅಂಬೊಂಗೊ ಅವರು 2024ರ ಜನವರಿ 11ರಂದು, ತಮ್ಮ ಇಗರ್ಜಿಗಳಲ್ಲಿ ಸಲಿಂಗ ಜೋಡಿಗಳಿಗೆ ಈ ಆಶೀರ್ವಾದ ಸೂಕ್ತವಲ್ಲ ಎಂದು ತಿಳಿಸಿದರು. ಪೋಪರ ಮೇಲಿನ ನಿಷ್ಠೆಯನ್ನೂ ಅದರಲ್ಲೇ ಹೇಳಿದರು. ಇತ್ತ ಜರ್ಮನಿಯಲ್ಲಿ ಅದೇ 2023ರ ಮಾರ್ಚ್‌ನಲ್ಲಿ ಧರ್ಮಾಧ್ಯಕ್ಷರು ಮತ್ತು ಗೃಹಸ್ಥ ಪ್ರತಿನಿಧಿಗಳ ಸಭೆ, ಇಂಥ ಜೋಡಿಗಳಿಗೆ ಕ್ರಮಬದ್ಧ ಆಶೀರ್ವಾದ ವಿಧಿಯೇ ಬೇಕೆಂದು ಮತ ಹಾಕಿತ್ತು. ಒಬ್ಬರಿಗೆ ಘೋಷಣೆ ಹೆಚ್ಚಾಯಿತು, ಇನ್ನೊಬ್ಬರಿಗೆ ಕಡಿಮೆಯಾಯಿತು.

ವಿರೋಧಿಸಿದವರ ಭಯವನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಒಂದು ವಾರ್ಡಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಗುರುಗಳು ಯಾರ ತಲೆಯ ಮೇಲೆ ಕೈಯಿಟ್ಟರು ಎಂಬುದು ಸಂಜೆಯೊಳಗೆ ಮನೆಮನೆ ಮುಟ್ಟುತ್ತದೆ. ಹದಿನೈದು ಸೆಕೆಂಡಿನಲ್ಲಿ ಏನು ಹೇಳಿದರು ಎನ್ನುವುದು ಮುಟ್ಟುವುದಿಲ್ಲ, ಕೈಯಿಟ್ಟದ್ದು ಮುಟ್ಟುತ್ತದೆ. ಘೋಷಣೆ ಎಳೆಯುವ ಸೂಕ್ಷ್ಮ ಗೆರೆ ಕಾಗದದ ಮೇಲೆ ನಿಲ್ಲುತ್ತದೆ, ಇಗರ್ಜಿಯ ಮೆಟ್ಟಿಲ ಮೇಲೆ ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ ಬೆಲೆಯಿದೆ.

ಆದರೆ ಆ ಗೆರೆ ಮೆಟ್ಟಿಲ ಮೇಲೆ ನಿಲ್ಲದೇ ಹೋಗುವುದು ಯಾಕೆ ಎಂದು ಕೇಳಿಕೊಂಡರೆ ಉತ್ತರ ನಮ್ಮ ಹತ್ತಿರವೇ ಇದೆ. ಅಂಗಡಿ ಉದ್ಘಾಟನೆಗೆ ಆಶೀರ್ವಾದ, ಕಾರಿಗೆ ಆಶೀರ್ವಾದ, ಕಲ್ಯಾಣಮಂಟಪಕ್ಕೆ ಆಶೀರ್ವಾದ ಎಂದು ವರ್ಷಗಟ್ಟಲೆ ನಡೆಸಿ ನಡೆಸಿ, ಆಶೀರ್ವಾದ ಎಂದರೆ ಮುದ್ರೆ ಒತ್ತಿದಂತೆ ಎಂದು ನಾವು ಮನಸ್ಸಿನಲ್ಲಿ ಕೂರಿಸಿಕೊಂಡಿದ್ದೇವೆ. ಸಾಧಿಸಿದವನಿಗೆ, ಕಟ್ಟಿದವನಿಗೆ, ಗೆದ್ದವನಿಗೆ ಸಿಗುವ ಮೆಚ್ಚುಗೆ ಅದು ಎಂದಾಗಿದೆ. ಹಾಗಿರುವಾಗ ಬದುಕು ಸರಿಯಿಲ್ಲದವರ ತಲೆಯ ಮೇಲೂ ಕೈ ಬಿದ್ದರೆ ಅದನ್ನು ಮೆಚ್ಚುಗೆ ಎಂದಲ್ಲದೆ ಬೇರೆ ಹೇಗೆ ಓದಬೇಕು? ತೆನೆಯ ಕಂತೆಯ ಮುಂದೆ ನಿಂತಾಗ ಇರುವ ತಿಳಿವಳಿಕೆ ಕಾರಿನ ಮುಂದೆಯೂ ಇದ್ದಿದ್ದರೆ ಆ ಡಿಸೆಂಬರಿನ ಗದ್ದಲ ಅರ್ಧಕ್ಕರ್ಧ ಆಗುತ್ತಿರಲಿಲ್ಲ. ಆಶೀರ್ವಾದ ಬೇಡುವವನು, ನನ್ನ ಕೈಲಾಗುತ್ತಿಲ್ಲ, ನೀನೇ ನಡೆಸು ಎಂದು ಬೇಡುತ್ತಾನೆ. ಅಂಥವನನ್ನು ಮೊದಲು ಪರೀಕ್ಷೆ ಮಾಡಿ ಆಮೇಲೆ ಪ್ರಾರ್ಥಿಸಬೇಕಾಗಿಲ್ಲ ಎಂದು ಘೋಷಣೆ ಹೇಳುವ ಜಾಗ ನನ್ನ ಮಟ್ಟಿಗೆ ಅದರ ತಿರುಳು.

ನಮ್ಮ ಧರ್ಮಕೇಂದ್ರಗಳಲ್ಲಿ ಈ ಮಾತು ಹೆಚ್ಚಾಗಿ ತಟ್ಟುವುದು ಬೇರೆಯವರಿಗೆ. ಅನ್ಯಧರ್ಮದವರನ್ನು ಪ್ರೀತಿಸಿ ನೋಂದಣಿ ಕಚೇರಿಯಲ್ಲಿ ಮದುವೆಯಾದ ಹುಡುಗಿ. ಮೊದಲ ಮದುವೆ ಮುರಿದು, ಚರ್ಚಿನ ನ್ಯಾಯಪೀಠದ ತೀರ್ಪು ಬಾರದೆ ಇನ್ನೊಬ್ಬರ ಜೊತೆ ಸಂಸಾರ ಹೂಡಿದವನು. ಹಬ್ಬಕ್ಕೆ ಬರುತ್ತಾರೆ, ಹಿಂದಿನ ಸಾಲಿನಲ್ಲಿ ಕೂರುತ್ತಾರೆ, ಪರಮಪ್ರಸಾದದ ಸಾಲಿಗೆ ಏಳುವುದಿಲ್ಲ. ಪೂಜೆ ಮುಗಿದ ಮೇಲೆ ಮಗುವನ್ನು ಮುಂದೆ ಮಾಡಿ ಗುರುಗಳ ಹತ್ತಿರ ಬರುವಾಗ ಅವರ ನಡಿಗೆಯಲ್ಲಿಯೇ ಅಳುಕಿರುತ್ತದೆ. ಮಗುವಿನ ತಲೆ ಸವರಿದ ಕೈ ಅಪ್ಪ ಅಮ್ಮನ ಕಡೆಗೂ ಚಾಚಿದರೆ ಅವರ ಮದುವೆ ಕ್ರಮಬದ್ಧವಾಗಿಬಿಡುವುದಿಲ್ಲ. ಆದರೆ ಮುಂದಿನ ವಾರ ಅವರು ನ್ಯಾಯಪೀಠದ ಅರ್ಜಿಯ ಬಗ್ಗೆ ಕೇಳಲು ಬರುವ ಧೈರ್ಯ ಮಾಡಬಹುದು.

ಬೈಬಲ್ ಈ ವಿಷಯದಲ್ಲಿ ನಮಗಿಂತ ಧಾರಾಳ. ಕುರುಡ ಇಸಾಕನ ಆಶೀರ್ವಾದ ಪಡೆದ ಯಾಕೋಬ ಅದನ್ನು ಪಡೆದದ್ದು ಅಣ್ಣನ ಬಟ್ಟೆ ತೊಟ್ಟು, ಸುಳ್ಳು ಹೇಳಿ. ಮೋಸ ಗೊತ್ತಾದ ಮೇಲೂ ಆಶೀರ್ವಾದ ಹಿಂದಕ್ಕೆ ಬರುವುದಿಲ್ಲ. ಹಾಗೆಂದು ಯಾಕೋಬನ ಸುಳ್ಳನ್ನು ಆ ಕಥೆ ಒಪ್ಪುವುದೂ ಇಲ್ಲ. ಮುಂದೆ ಮಾವನ ಮನೆಯಲ್ಲಿ ಅವನೇ ಮೋಸಹೋಗಿ ವರ್ಷಗಟ್ಟಲೆ ದುಡಿಯುತ್ತಾನೆ. ಆಶೀರ್ವಾದವೂ ನಿಂತಿತು, ಲೆಕ್ಕವೂ ಚುಕ್ತಾ ಆಯಿತು. ಯೇಸು ಮಕ್ಕಳನ್ನು ಅಪ್ಪಿಕೊಂಡು ಕೈಯಿಟ್ಟು ಆಶೀರ್ವದಿಸಿದ್ದನ್ನು ಮಾರ್ಕನ ಶುಭಸಂದೇಶ ಹೇಳುವಾಗ, ಮಕ್ಕಳನ್ನು ತಡೆದವರು ಶಿಷ್ಯರೇ ಎಂಬುದನ್ನೂ ಮರೆಮಾಚುವುದಿಲ್ಲ.

ಜಾತ್ರೆಯ ಸಾಲಿನಲ್ಲಿ ಯಾರಿದ್ದಾರೆ

ಜನವರಿಯ ಕೊನೆಯ ವಾರ ಕಾರ್ಕಳದ ಅತ್ತೂರಿಗೆ ಹೋದವರಿಗೆ ಧರ್ಮಸಭೆಯ ಕಾನೂನಿನ ಒಂದು ವಿಧಿ ಜೀವಂತವಾಗಿ ಕಾಣುತ್ತದೆ. ಸಂತ ಲಾರೆನ್ಸರ ಆ ಕ್ಷೇತ್ರ 2016ರಲ್ಲಿ ಬೆಸಿಲಿಕಾ ಆಯಿತು. ಜನರ ಬಾಯಲ್ಲಿ ಮಾತ್ರ ಅದು ಎಂದಿನಂತೆ ಅತ್ತೂರು ಜಾತ್ರೆ. ಮೋಂಬತ್ತಿ ಹಚ್ಚಲು, ಪುಷ್ಕರಿಣಿಯ ನೀರು ತರಲು, ಗುರುಗಳಿಂದ ತಲೆಯ ಮೇಲೆ ಕೈಯಿಡಿಸಿಕೊಳ್ಳಲು ನಿಂತ ಸಾಲಿನಲ್ಲಿ ಕುಂಕುಮವಿಟ್ಟ ಹಣೆಗಳಿರುತ್ತವೆ, ಬುರ್ಖಾ ತೊಟ್ಟವರೂ ಕಾಣುತ್ತಾರೆ. ಯಾರನ್ನೂ ನಿನ್ನ ಧರ್ಮ ಯಾವುದೆಂದು ಕೇಳಿ ಬೇರ್ಪಡಿಸುವುದಿಲ್ಲ. ಊರಿನ ಸೌಹಾರ್ದವೆಂದು ನಾವು ಹೆಮ್ಮೆಪಡುವ ಈ ನೋಟಕ್ಕೆ ಕಾನೂನಿನ ಬೆಂಬಲವೂ ಇದೆ. 1983ರ ಧರ್ಮಸಭಾ ಕಾನೂನು ಸಂಹಿತೆಯ 1170ನೇ ವಿಧಿಯ ಪ್ರಕಾರ ಆಶೀರ್ವಾದ ಮೊದಲಿಗೆ ಕಥೋಲಿಕರಿಗೆ. ದೀಕ್ಷೆಗೆ ಸಿದ್ಧರಾಗುತ್ತಿರುವವರಿಗೂ, ಧರ್ಮಸಭೆಯ ನಿಷೇಧ ಇಲ್ಲದ ಕಡೆ ಕಥೋಲಿಕರಲ್ಲದವರಿಗೂ ಕೊಡಬಹುದು. ಮಗುವಿಗೆ ಜ್ವರವೆಂದು ಬಂದ ನೆರೆಯ ಹೆಂಗಸಿಗೆ ನಮ್ಮ ಅಜ್ಜಿಯರು ತೀರ್ಥದ ಬಾಟಲಿ ಕೊಟ್ಟು ಕಳಿಸುತ್ತಿದ್ದಾಗ ಈ ವಿಧಿಯ ಸಂಖ್ಯೆ ಅವರಿಗೆ ಗೊತ್ತಿರಲಿಲ್ಲ.

ಹೊಸದಾಗಿ ಗುರುದೀಕ್ಷೆ ಪಡೆದವರ ಮೊದಲ ಆಶೀರ್ವಾದವನ್ನು ನೋಡಿದವರಿಗೆ ಇನ್ನೊಂದು ಸಂಗತಿ ತಿಳಿಯುತ್ತದೆ. ದೀಕ್ಷೆ ಕೊಟ್ಟ ಧರ್ಮಾಧ್ಯಕ್ಷರು ಕೆಲವೇ ನಿಮಿಷಗಳ ಬಳಿಕ ಆ ಯುವಕನ ಮುಂದೆಯೇ ಮೊಣಕಾಲೂರಿ ಆಶೀರ್ವಾದ ಪಡೆಯುತ್ತಾರೆ. ಅವರ ಹಿಂದೆ ತಾಯಿ ತಂದೆ. ಎಣ್ಣೆಯ ಪರಿಮಳ ಇನ್ನೂ ಆರದ ಅಂಗೈಗೆ ಜನ ಮುತ್ತಿಡುತ್ತಾರೆ. ವಯಸ್ಸು, ಪದವಿ, ಪಾಂಡಿತ್ಯ ಯಾವುದೂ ಅಲ್ಲಿ ಲೆಕ್ಕಕ್ಕಿಲ್ಲ. ಕೊಡುವವನು ತನ್ನದನ್ನು ಕೊಡುತ್ತಿಲ್ಲ ಎಂಬುದು ಎಲ್ಲರಿಗೂ ಗೊತ್ತು.

ತೇರ್ಸ್ ಮುಗಿದ ಮೇಲೆ

ಗುರುಗಳಿಗೆ ಮೀಸಲಾದ ಆಶೀರ್ವಾದಗಳ ಬಗ್ಗೆ ಇಷ್ಟು ಹೇಳಿದ ಮೇಲೆ, ಗುರುಗಳಿಲ್ಲದೆ ನಡೆಯುತ್ತಿದ್ದ ಆಶೀರ್ವಾದದ ಬಗ್ಗೆ ಬರೆಯದಿದ್ದರೆ ಆಗದು. ಕೊಂಕಣಿ ಮನೆಗಳಲ್ಲಿ ಸಂಜೆ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ ಮುಗಿಯುತ್ತಿದ್ದಂತೆ ಮಕ್ಕಳು ಕೈಜೋಡಿಸಿ ಹಿರಿಯರೊಬ್ಬೊಬ್ಬರ ಮುಂದೆ ಬಂದು ‘ಬೆಸಾಂವ್ ದಿ ಮಾಯ್’, ‘ಬೆಸಾಂವ್ ದಿ ಬಾಬಾ’ ಎನ್ನುತ್ತಿದ್ದರು. ಹಿರಿಯರು ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಬರೆದೋ ತಲೆ ಮುಟ್ಟಿಯೋ ‘ದೇವ್ ಬರೆಂ ಕರುಂ’ ಎನ್ನುತ್ತಿದ್ದರು. ಮಧ್ಯಾಹ್ನ ಬೆತ್ತದೇಟು ಕೊಟ್ಟ ಅಪ್ಪನ ಮುಂದೆಯೂ ಸಂಜೆ ಕೈಜೋಡಿಸಬೇಕು. ಅಪ್ಪನೂ ಹಣೆ ಮುಟ್ಟಲೇಬೇಕು. ಹಗಲಿನ ಮುನಿಸು ಅಲ್ಲಿಗೆ ಮುಗಿಯುತ್ತಿತ್ತು. ಈಗ ಜಪಮಾಲೆಯೇ ಅಪರೂಪವಾದ ಮನೆಗಳಲ್ಲಿ ಮಾತ್ರವಲ್ಲ, ದಿನಾ ಜಪಮಾಲೆ ಹೇಳುವ ಮನೆಗಳಲ್ಲೂ ಇದು ಮರೆತುಹೋಗಿದೆ. ಪ್ರಾರ್ಥನೆ ಮುಗಿದ ಕೂಡಲೇ ಟಿವಿ.

ಉಳಿದಿರುವುದು ರೋಸಿನಲ್ಲಿ. ಮದುವೆಯ ಮುನ್ನಾದಿನ ವಧುವನ್ನೋ ವರನನ್ನೋ ಮಣೆಯ ಮೇಲೆ ಕೂರಿಸಿ ತೆಂಗಿನಹಾಲು ಎರೆಯುವ ಆ ಶಾಸ್ತ್ರದಲ್ಲಿ ಹಿರಿಯರು ಎಣ್ಣೆಯಲ್ಲಿ ಬೆರಳದ್ದಿ ಹಣೆಗೆ ಶಿಲುಬೆ ಬರೆದು ಮುಂದುವರಿಯುತ್ತಾರೆ. ಮರುದಿನ ಇಗರ್ಜಿಗೆ ಹೊರಡುವ ಮುಂಚೆ ಮಕ್ಕಳು ತಂದೆತಾಯಿಯ ಮುಂದೆ ಮೊಣಕಾಲೂರುತ್ತಾರೆ. ವಿಡಿಯೊದವರ ಬೆಳಕು ಕಣ್ಣಿಗೆ ಹೊಡೆಯುತ್ತಿದ್ದರೂ ಆ ಹೊತ್ತಿನಲ್ಲಿ ಬಹಳ ಅಪ್ಪಂದಿರಿಗೆ ಮಾತು ಹೊರಡುವುದಿಲ್ಲ. ಇಪ್ಪತ್ತೈದು ವರ್ಷ ಹಣೆ ಮುಟ್ಟದ ಕೈಗೆ ಅಂದು ಒಮ್ಮೆಲೇ ಏನು ಮಾಡಬೇಕೆಂದು ತೋಚುವುದಾದರೂ ಹೇಗೆ?

ಧರ್ಮಸಭೆ ಇದನ್ನು ಹಳ್ಳಿಯ ಹಳೆಯ ರೂಢಿ ಎಂದು ಬದಿಗಿಟ್ಟಿಲ್ಲ. ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರಿಗೂ ಆಶೀರ್ವದಿಸುವ ಕರೆ ಇದೆ, ಆದ್ದರಿಂದ ಗೃಹಸ್ಥರೂ ಕೆಲವು ಆಶೀರ್ವಾದಗಳನ್ನು ನಡೆಸಿಕೊಡಬಹುದು ಎಂದು ಧರ್ಮೋಪದೇಶ ಗ್ರಂಥ ಹೇಳುತ್ತದೆ. 1984ರ ಪುಸ್ತಕದ ಮೊದಲ ಅಧ್ಯಾಯವೇ ಕುಟುಂಬದ್ದು. ತಂದೆತಾಯಿ ಮಕ್ಕಳನ್ನು ಆಶೀರ್ವದಿಸುವ ಕ್ರಮ ಅದರಲ್ಲಿದೆ. ಮಗುವಿನ ದೀಕ್ಷಾಸ್ನಾನದ ದಿನ ಗುರುಗಳು ಮಗುವಿನ ಹಣೆಗೆ ಶಿಲುಬೆ ಬರೆದ ಮೇಲೆ ತಂದೆತಾಯಿಯನ್ನೂ, ಜ್ಞಾನದ ತಂದೆತಾಯಿಯನ್ನೂ ಕರೆದು ಅದನ್ನೇ ಮಾಡಿಸುತ್ತಾರೆ. ಬಹಳ ಮನೆಗಳಲ್ಲಿ ಅದು ಮೊದಲನೆಯದೂ ಕೊನೆಯದೂ ಆಗುತ್ತದೆ.

ನಮ್ಮ ಧರ್ಮಪ್ರಾಂತ್ಯಗಳಲ್ಲಿ ಮದುವೆಗೆ ಮುಂಚೆ ಜೋಡಿಗಳು ತಯಾರಿ ಶಿಬಿರಕ್ಕೆ ಹೋಗಿ ಬರಬೇಕು. ಕಾನೂನು, ಆರೋಗ್ಯ, ಹಣಕಾಸು, ಸಂವಾದ ಎಲ್ಲದರ ಬಗ್ಗೆ ಅಲ್ಲಿ ಉಪನ್ಯಾಸವಿರುತ್ತದೆ. ಅದರಲ್ಲಿ ಅರ್ಧ ಗಂಟೆ ತೆಗೆದು, ಮುಂದೆ ಹುಟ್ಟಲಿರುವ ಮಗುವಿನ ಹಣೆಗೆ ಶಿಲುಬೆ ಬರೆದು ಯಾವ ಮಾತಿನಲ್ಲಿ ಆಶೀರ್ವದಿಸಬೇಕು ಎಂದು ಹೇಳಿಕೊಡಬೇಕು. ಗಂಡ ಹೆಂಡತಿ ಮುನಿಸಿಕೊಂಡ ರಾತ್ರಿ ಒಬ್ಬರು ಇನ್ನೊಬ್ಬರ ಹಣೆ ಮುಟ್ಟುವುದು ಹೇಗೆಂದೂ ಹೇಳಿಕೊಡಲಿ. ಹೊಸ ಪುಸ್ತಕ ಬೇಕಿಲ್ಲ, ರೋಮಿನ ಅನುಮತಿಯೂ ಬೇಕಿಲ್ಲ. ಭಾನುವಾರದ ಧರ್ಮೋಪದೇಶ ತರಗತಿಯ ಟೀಚರುಗಳು ಮಕ್ಕಳಿಗೆ ಒಂದು ಮಾತು ಹೇಳಿದರೆ ಇನ್ನೂ ಬೇಗ ಆಗುತ್ತದೆ: ಇವತ್ತು ಸಂಜೆ ಮನೆಗೆ ಹೋಗಿ ಅಪ್ಪ ಅಮ್ಮನ ಮುಂದೆ ಕೈಜೋಡಿಸಿ ಬೆಸಾಂವ್ ಕೇಳಿ. ಕೇಳಿದ ಮಗುವಿಗೆ ಕೊಡದೆ ಇರಲು ಯಾವ ಅಪ್ಪನಿಗೂ ಆಗುವುದಿಲ್ಲ.